ಪೆಟ್ಟಿಗೆ ತೆರೆದಾಗಲೇ ಆಟ ಶುರು

ಮಕ್ಕಳು ಕಂಪ್ಯೂಟರ್ ಮುಂದೆ ಕುಳಿತರೆ ಸಾಕು, ಮನೆಯ ಹಿರಿಯರಿಗೆ ಸಿಡಿಮಿಡಿ. ಹೊತ್ತುಗೊತ್ತಿಲ್ಲದೆ ಆಡುತ್ತ ಕೂರುವವರ ಮೇಲೆ ಆ ಸಿಟ್ಟು ನ್ಯಾಯವೇ. ಆದರೆ ಆಟವನ್ನು ತಾವೇ ಕಟ್ಟುತ್ತಿರುವ ಮಕ್ಕಳಿಗೂ ಅದೇ ಗದರಿಕೆಯೇ? ಸ್ಕ್ರ್ಯಾಚ್, ಗೊಡೊ ಮುಂತಾದ ಸಾಧನಗಳು ಪುಕ್ಕಟೆಯಾಗಿ ಸಿಗುವುದರಿಂದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ವಿದ್ಯಾರ್ಥಿಗಳೂ ದೊಡ್ಡ ಕಂಪನಿಯ ಹಂಗಿಲ್ಲದೆ ಒಂದು ವಿಡಿಯೊ ಗೇಮ್ ಮಾಡಿ ಮುಗಿಸಬಹುದು. ಫಜೀತಿ ಶುರುವಾಗುವುದು ಆಮೇಲೆ. ಅದನ್ನು ಕೊಳ್ಳುವವರು ಯಾರು?

ಸ್ಟೀಮ್ ಎಂಬ ಇಂಟರ್‌ನೆಟ್ ಮಳಿಗೆಯಲ್ಲಿ 100 ಡಾಲರ್ ಶುಲ್ಕ ಕಟ್ಟಿ ಆಟವನ್ನು ಮಾರಾಟಕ್ಕೆ ಇಡಬಹುದು. ಆದರೆ 2024ರ ಒಂದೇ ವರ್ಷದಲ್ಲಿ ಅಲ್ಲಿಗೆ ಬಂದ ಹೊಸ ಆಟಗಳು 18 ಸಾವಿರಕ್ಕೂ ಹೆಚ್ಚು. ದಿನಕ್ಕೆ ಹತ್ತಿರಹತ್ತಿರ 50. ಆ ಜಾತ್ರೆಯಲ್ಲಿ ನ್ಯಾಮತಿಯ ಹುಡುಗಿಯೊಬ್ಬಳ ಆಟ ಯಾರ ಕಣ್ಣಿಗೆ ಬಿದ್ದೀತು? ಹೀಗಾಗಿಯೇ ಬೇರೆ ದೇಶಗಳ ಕೆಲವು ಒಂಟಿ ತಯಾರಕರು ಹಳೆಯ ದಾರಿಗೆ ಮರಳಿದ್ದಾರೆ. ಆಟವನ್ನು ಪೆಟ್ಟಿಗೆಯಲ್ಲಿಟ್ಟು, ಕೈಗೆ ಸಿಗುವ ವಸ್ತುವನ್ನಾಗಿ ಮಾಡಿ ಮಾರುವ ದಾರಿ ಅದು.

ಈ ದಾರಿಯ ಆರಂಭ ಬಹಳ ಬಡತನದ್ದು. 1980ರ ಹೊತ್ತಿಗೆ ಅಮೆರಿಕದ ಟೆಕ್ಸಾಸಿನಲ್ಲಿ ರಿಚರ್ಡ್ ಗ್ಯಾರಿಯಟ್ ಎಂಬ ತರುಣ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಅವನು ಬರೆದ 'ಅಕಲಬೆತ್' ಆಟವನ್ನು ಅಲ್ಲಿಯೇ ಮಾರಾಟಕ್ಕಿಡಲು ನಿರ್ಧಾರವಾಯಿತು. ಸುಮಾರು 200 ಡಾಲರ್ ಖರ್ಚಿನಲ್ಲಿ ಜಿಪ್ ಇರುವ ಪ್ಲಾಸ್ಟಿಕ್ ಚೀಲ, ಮುದ್ರಿಸಿದ ಹಾಳೆಗಳು ಬಂದವು. ಮುಖಚಿತ್ರ ಬರೆದುಕೊಟ್ಟವರು ಅವನ ತಾಯಿ ಹೆಲೆನ್. ಅಂಗಡಿಯಲ್ಲಿ ಹೋದದ್ದು ಬೆರಳೆಣಿಕೆಯ ಪ್ರತಿ. ಅವುಗಳಲ್ಲೊಂದು ಕ್ಯಾಲಿಫೋರ್ನಿಯಾದ ಪ್ರಕಾಶಕರ ಕೈ ಸೇರಿತು. ಗ್ಯಾರಿಯಟ್ ಹೇಳಿಕೊಂಡಿರುವಂತೆ ಆಮೇಲೆ 30 ಸಾವಿರ ಪ್ರತಿ ಮಾರಾಟವಾಗಿ, ಪ್ರತಿಯೊಂದಕ್ಕೆ 5 ಡಾಲರ್‌ನಂತೆ ಅವನ ಪಾಲಿಗೆ ಬಂತು.

ಎರಡನೆಯ ಪಾಠ ಇನ್‌ಫೋಕಾಮ್ ಕಂಪನಿಯದು. 1982ರಲ್ಲಿ ಬಂದ ಅವರ 'ಡೆಡ್‌ಲೈನ್' ಒಂದು ಕೊಲೆಯ ಪತ್ತೇದಾರಿ ಆಟ. ಕಥೆಗೆ ಬೇಕಾದಷ್ಟು ಜಾಗ ಆಗಿನ ಫ್ಲಾಪಿಯಲ್ಲಿರಲಿಲ್ಲ. ಹಾಗಾಗಿ ಪೊಲೀಸರ ವಿಚಾರಣೆಯ ಕಾಗದಗಳು, ಪ್ರಯೋಗಾಲಯದ ವರದಿ, ಕೊನೆಗೆ ಸ್ಥಳದಲ್ಲಿ ಸಿಕ್ಕವೆಂದು ಹೇಳುವ ಮಾತ್ರೆಗಳನ್ನೂ ಪೆಟ್ಟಿಗೆಯೊಳಗೆ ಇಟ್ಟರು. ಓದಿ, ಮುಟ್ಟಿ, ತಿರುವಿ ನೋಡಿಯೇ ಕೊಲೆಗಾರನನ್ನು ಹಿಡಿಯಬೇಕು. ಫ್ಲಾಪಿಯನ್ನು ಕದ್ದು ನಕಲು ಮಾಡಿಕೊಂಡವನಿಗೆ ಈ ಸುಳಿವುಗಳು ಸಿಗುತ್ತಿರಲಿಲ್ಲ. ಹೊದಿಕೆ ಅಲಂಕಾರವಾಗಿ ಉಳಿಯದೆ ಆಟದ ಅಂಗವೇ ಆಯಿತು. ಗಮನಿಸಬೇಕಾದ ಗುಟ್ಟು ಇಷ್ಟೇ.

ನಮ್ಮ ನಾಡಿಗೆ ಇದು ಹೊಸತೂ ಅಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರಿನಲ್ಲಿ ಗಂಜೀಫಾ ಎಲೆಗಳ ಮೇಲೆ ದೇವರ ಚಿತ್ರಗಳಿರುತ್ತಿದ್ದವು. ಅವನ್ನಿಡುವ ಮರದ ಪೆಟ್ಟಿಗೆಯೂ ಚಿತ್ರಗಳಿಂದ ತುಂಬಿರುತ್ತಿತ್ತು. ಆಡಲು ಬಾರದವರೂ ಅದನ್ನು ಕೈಗೆತ್ತಿಕೊಂಡು ನೋಡುತ್ತಿದ್ದರೆ ಆಶ್ಚರ್ಯವಿಲ್ಲ.

ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಇಂಥ ಪೆಟ್ಟಿಗೆಗೆ ಬೇಕಾದ್ದೇನಿದೆ ಎಂದು ಕೇಳಬಹುದು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ. ಚನ್ನಗಿರಿಯ ತೋಟಗಳಲ್ಲಿ ಉದುರುವ ಅಡಿಕೆ ಹಾಳೆ ತಟ್ಟೆ, ಬಟ್ಟಲುಗಳಾಗುತ್ತದೆ. ಎರಡು ಬಟ್ಟಲುಗಳನ್ನು ಮುಖಾಮುಖಿ ಇಟ್ಟು ದಾರ ಬಿಗಿದರೆ ಪೆಟ್ಟಿಗೆ ಸಿದ್ಧ. ಚೆನ್ನಾಗಿ ಒಣಗಿರಬೇಕು, ಇಲ್ಲವಾದರೆ ಮಳೆಗಾಲದಲ್ಲಿ ಬೂಸಲು ಹಿಡಿದೀತು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರು ಹುಟ್ಟಿದ ಸ್ಥಳ. ಲಂಬಾಣಿ ಹೆಂಗಸರ ಕನ್ನಡಿ, ಕವಡೆಗಳ ಕಸೂತಿ ಎಲ್ಲರಿಗೂ ಗೊತ್ತಿರುವುದೇ. ಅಂಥ ಪುಟ್ಟ ಚೀಲದಲ್ಲಿ ನಾಲ್ಕು ಕವಡೆ ಹಾಕಿ ಕೊಟ್ಟರೆ, ಆಡುವವರು ಚೌಕಾಬಾರದಲ್ಲಿ ಮಾಡುವಂತೆ ನೆಲದ ಮೇಲೆ ಕವಡೆ ಬಿಟ್ಟು, ಬಿದ್ದ ಗರವನ್ನು ಕಂಪ್ಯೂಟರಿಗೆ ತಿಳಿಸಬಹುದು. ಯಂತ್ರ ಉಗುಳುವ ಅಂಕಿಗಿಂತ ಕೈಯಿಂದ ಬಿಟ್ಟ ಕವಡೆಗೆ ರೋಮಾಂಚ ಹೆಚ್ಚು.

ಕಥೆಗೂ ಬರವಿಲ್ಲ. ಹೊನ್ನಾಳಿಯ ಮಗ್ಗುಲಲ್ಲಿ ಹರಿಯುವ ತುಂಗಭದ್ರೆ ಹರಿಹರದ ಕಡೆ ಸಾಗುತ್ತಾಳೆ. ಹರಿಹರ ತಾಲ್ಲೂಕಿನ ದೀಟೂರಿನಿಂದ ಆ ನೀರನ್ನೆತ್ತಿ ಬರಪೀಡಿತ ಜಗಳೂರಿನ ಕಡೆಯ 57 ಕೆರೆಗಳನ್ನು ತುಂಬಿಸುವ ಯೋಜನೆ ಇದೆ. ಇದೇ ಒಂದು ಆಟವಾಗಲಿ. ಕೆರೆಗಳ ನಕ್ಷೆ ತೆರೆಯ ಮೇಲೆ ಬೇಡ, ಪೆಟ್ಟಿಗೆಯಲ್ಲಿ ಮಡಿಸಿಟ್ಟ ಕಾಗದದ ಮೇಲಿರಲಿ. ಯಾವ ಕೆರೆ ಮೊದಲು, ಯಾವುದು ಆಮೇಲೆ ಎಂದು ಪೆನ್ಸಿಲಿನಿಂದ ಗುರುತು ಹಾಕುತ್ತ ಆಡಬೇಕು. ತಂದೆಯೂ ಮಗಳೂ ಆ ನಕ್ಷೆಯ ಮೇಲೆ ಬಗ್ಗಿ ವಾದ ಮಾಡಿದರೆ ಆಟ ಗೆದ್ದಂತೆ.

ಇನ್ನು ಲೆಕ್ಕ. ಈಗಿನ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಸಿ.ಡಿ. ಹಾಕುವ ಜಾಗವೇ ಇಲ್ಲ, ಆದ್ದರಿಂದ ಪೆನ್ ಡ್ರೈವ್ ವಾಸಿ. ಇಂಟರ್‌ನೆಟ್ ಇಲ್ಲದ ಶಾಲೆಯಲ್ಲೂ ನಡೆಯುತ್ತದೆ. ಉದಾಹರಣೆಗೆ ಪೆನ್ ಡ್ರೈವಿಗೆ 200 ರೂಪಾಯಿ, ಮುದ್ರಣಕ್ಕೆ 40, ಹಾಳೆ ಮತ್ತು ದಾರಕ್ಕೆ 30 ಎಂದಿಟ್ಟುಕೊಳ್ಳಿ. ಪ್ರತಿಯೊಂದಕ್ಕೆ 270. ಹತ್ತು ಪ್ರತಿಗೆ 2,700. ಅಂಚೆ ವೆಚ್ಚ ಬಿಟ್ಟು 350ಕ್ಕೆ ಮಾರಿದರೆ ಎಂಟನೆಯ ಪ್ರತಿ ಹೋದಾಗ ಹಾಕಿದ ಹಣ ಕೈಸೇರುತ್ತದೆ. ಪಟ್ಟ ಶ್ರಮಕ್ಕೆ ಸಿಗುವ ಕೂಲಿ ಉಳಿದ ಎರಡರಲ್ಲಿ ಮಾತ್ರ! ಆದ್ದರಿಂದ ಒಮ್ಮೆಗೇ ನೂರು ಪೆಟ್ಟಿಗೆ ಮಾಡಿಸಿ ಅಟ್ಟ ತುಂಬಿಸುವುದು ಬೇಡ. ಮುಂಗಡ ಪಡೆದಷ್ಟೇ ಮಾಡಿ. ಹೊದಿಕೆಯ ಖರ್ಚು ಏರುತ್ತ ಹೋದರೆ ಮೂಗಿಗಿಂತ ಮೂಗುತಿ ಭಾರ.

ಕಾಯಿದೆಯ ಮಾತೂ ಮುಖ್ಯ. 1957ರ ಕೃತಿಸ್ವಾಮ್ಯ ಕಾಯಿದೆ ಕಂಪ್ಯೂಟರ್ ಪ್ರೋಗ್ರಾಮನ್ನೂ ಸಾಹಿತ್ಯ ಕೃತಿ ಎಂದೇ ಎಣಿಸುತ್ತದೆ. ನೋಂದಣಿ ಮಾಡಿಸದಿದ್ದರೂ ಬರೆದವರಿಗೆ ಹಕ್ಕು ಇದೆ. ಹಾಗೆಯೇ ಸಿನಿಮಾ ಹಾಡನ್ನು ಕೇಳದೆ ಬಳಸಿದರೆ ತಪ್ಪು ಇವರದು. ಪೋಷಕರು ಹೆದರುವ ಹಣದ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯಿದೆ ನಿಷೇಧಿಸಿದೆ. ಒಮ್ಮೆ ಬೆಲೆ ಕೊಟ್ಟು ಕೊಂಡು ಮನೆಗೆ ತರುವ ಪೆಟ್ಟಿಗೆಯ ಆಟಕ್ಕೂ ಆ ಜೂಜಿಗೂ ನಂಟಿಲ್ಲ.

ಕೊಂಡವರಿಗೂ ಲಾಭವಿದೆ. ನಿಂಟೆಂಡೊ ಕಂಪನಿ ತನ್ನ ಎರಡು ಹಳೆಯ ಯಂತ್ರಗಳ ಆನ್‌ಲೈನ್ ಅಂಗಡಿಯನ್ನು 2023ರ ಮಾರ್ಚ್‌ನಲ್ಲಿ ಮುಚ್ಚಿತು. ಅಲ್ಲಿ ಮಾತ್ರ ಸಿಗುತ್ತಿದ್ದ ಆಟಗಳನ್ನು ಹೊಸದಾಗಿ ಕೊಳ್ಳುವ ದಾರಿಯೇ ಇಲ್ಲವಾಯಿತು. ಕಪಾಟಿನಲ್ಲಿರುವ ಪೆಟ್ಟಿಗೆಯನ್ನು ಹಾಗೆ ಯಾರೂ ಮುಚ್ಚಲಾರರು. ಪೆನ್ ಡ್ರೈವೂ ಶಾಶ್ವತವಲ್ಲ, ಆದ್ದರಿಂದ ಮೂಲಪ್ರತಿ ಎರಡು ಕಡೆ ಇರಲಿ.

ಈ ರಜೆಯಲ್ಲಿ ಮಕ್ಕಳು ಒಂದು ಪೆಟ್ಟಿಗೆ ಮಾಡಲಿ, ಮನೆಯವರು ಚಿತ್ರಕ್ಕೋ ಹೊಲಿಗೆಗೋ ಕೈಜೋಡಿಸಲಿ. ಪರೀಕ್ಷೆಯೂ ಮನೆಯಲ್ಲೇ ನಡೆಯಲಿ. ಏನನ್ನೂ ವಿವರಿಸದೆ ಅದನ್ನು ಅಜ್ಜಿಯ ಕೈಗೆ ಕೊಡಬೇಕು. ಆಕೆ ದಾರ ಬಿಚ್ಚಿ, ನಕ್ಷೆ ಹರವಿ, "ಇದರಲ್ಲಿ ನಮ್ಮೂರ ಕೆರೆ ಎಲ್ಲೋ?" ಎಂದು ಕೇಳಿದರೆ ಧೈರ್ಯವಾಗಿ ಹತ್ತು ಪ್ರತಿ ಮಾಡಬಹುದು.