ಕನ್ನಂಬಾಡಿಗೆ ಯಾವ ದೇಶದ ಮಾದರಿ?

ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನವನ್ನು ‘ಡಿಸ್ನಿಲ್ಯಾಂಡ್ ಮಾದರಿ’ಯಲ್ಲಿ ಮಾರ್ಪಡಿಸುವುದಾಗಿ ರಾಜ್ಯ ಸರಕಾರ ಸಾರಿದ್ದು 2018ರಲ್ಲಿ. 2024ರಲ್ಲಿ ಸಚಿವ ಸಂಪುಟವು 2,663 ಕೋಟಿ ರೂಪಾಯಿ ಅಂದಾಜಿನ ಯೋಜನೆಗೆ, ಖಾಸಗಿ ಬಂಡವಳಗಾರರ ಸಹಭಾಗಿತ್ವದಲ್ಲಿ ನಡೆಸುವುದೆಂದು, ಒಪ್ಪಿಗೆ ಕೊಟ್ಟಿತು. 2025ರಲ್ಲಿ ಮಂಡ್ಯದ ರೈತರು ಇದನ್ನು ವಿರೋಧಿಸಿ ಬೀದಿಗಿಳಿದರು. ಅಣೆಕಟ್ಟಿನ ಭದ್ರತೆಯ ಮಾತನ್ನು ಅವರು ಎತ್ತಿದ್ದು ನ್ಯಾಯವಾಗಿಯೇ ಇದೆ. ಆದರೆ ಗಿರಣಿಯ ಕಾರ್ಮಿಕರೂ ಸಣ್ಣ ವ್ಯಾಪಾರಸ್ಥರೂ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ಹೊರದೇಶದ ಮಾದರಿ ಬೇಕೆನ್ನುವ ನಮ್ಮ ಆಳರಸರು ಹೊರದೇಶದಲ್ಲಿ ನೋಡಿದ್ದೇನು?

ಕ್ಯಾಲಿಫೋರ್ನಿಯದ ಅನಾಹೈಮ್ ಪಟ್ಟಣದಲ್ಲಿ ಡಿಸ್ನಿಲ್ಯಾಂಡ್ ತೆರೆದದ್ದು 1955ರ ಜುಲೈ 17ರಂದು. ಆಗ ದೊಡ್ಡವರ ಪ್ರವೇಶಕ್ಕೆ ಒಂದು ಡಾಲರ್, ಪ್ರತಿ ಆಟಕ್ಕೂ ಬೇರೆ ಚಿಲ್ಲರೆ. 2024ರ ಹೊತ್ತಿಗೆ ಜನಸಂದಣಿಯ ದಿನದ ಟಿಕೆಟ್ಟು 206 ಡಾಲರಿಗೆ ಏರಿತ್ತು. ಸರದಿಯಲ್ಲಿ ನಿಲ್ಲದೆ ಮುಂದೆ ಹೋಗುವ ಚೀಟಿಯನ್ನು 1999ರಿಂದ ಎಲ್ಲರಿಗೂ ಪುಕ್ಕಟೆ ಕೊಡುತ್ತಿದ್ದರು. 2021ರಿಂದ ಅದಕ್ಕೂ ಹಣ. ಶ್ರೀಮಂತನ ಮಗನೂ ಬಡವನ ಮಗನೂ ಒಂದೇ ಬಿಸಿಲಿನಲ್ಲಿ ನಿಲ್ಲುವ ಜಾಗವೆಂದರೆ ಆ ಸರದಿಯೊಂದೇ ಆಗಿತ್ತು, ಅದೂ ಮಾರಾಟವಾಯಿತು.

ಅಲ್ಲಿ ದುಡಿಯುವವರ ಸ್ಥಿತಿಯನ್ನು ಪ್ರವಾಸೋದ್ಯಮದ ಬಣ್ಣದ ಹೊತ್ತಗೆಗಳು ಹೇಳುವುದಿಲ್ಲ. 2018ರಲ್ಲಿ ಕಾರ್ಮಿಕ ಸಂಘಗಳು ಹಣ ಕೊಟ್ಟು ಮಾಡಿಸಿದ ಸಮೀಕ್ಷೆಯಲ್ಲಿ ಸುಮಾರು 5,000 ನೌಕರರು ಉತ್ತರಿಸಿದರು. ಬರುವ ಸಂಬಳ ನಿತ್ಯದ ಖರ್ಚಿಗೆ ಸಾಲದೆಂದವರು ನೂರಕ್ಕೆ 73. ಹಿಂದಿನ ಎರಡು ವರ್ಷಗಳಲ್ಲಿ ಒಮ್ಮೆಯಾದರೂ ಮನೆಯಿಲ್ಲದೆ ಇದ್ದೆವೆಂದವರು ನೂರಕ್ಕೆ 11. ಅದೇ ವರ್ಷದ ನವೆಂಬರಿನಲ್ಲಿ ಅನಾಹೈಮಿನ ಮತದಾರರು, ನಗರದಿಂದ ತೆರಿಗೆಯ ರಿಯಾಯಿತಿ ಪಡೆದ ವಿಹಾರೋದ್ಯಮಗಳು ಗಂಟೆಗೆ 15 ಡಾಲರಿಗೆ ಕಡಿಮೆ ಕೂಲಿ ಕೊಡಕೂಡದೆಂದು ಮತ ಹಾಕಿ ಶಾಸನವನ್ನೇ ಮಾಡಿದರು. ಇದು ತನಗೆ ಅನ್ವಯಿಸದೆಂದು ಕಂಪನಿ ವಾದ ಹೂಡಿತು. 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ವಾದವನ್ನು ತಳ್ಳಿತು. 2024ರ ಕೊನೆಗೆ 50,000ಕ್ಕೂ ಹೆಚ್ಚು ನೌಕರರ ಬಾಕಿಗಾಗಿ 23 ಕೋಟಿ 30 ಲಕ್ಷ ಡಾಲರಿಗೆ ರಾಜಿಯಾಯಿತು. ಮಿಕ್ಕಿ ಇಲಿಯ ವೇಷ ತೊಟ್ಟು ಕುಣಿಯುವವರು ಕೂಡ 2024ರ ಮೇ ತಿಂಗಳಲ್ಲಿ ಮತ ಹಾಕಿ ಸಂಘ ಕಟ್ಟಿಕೊಂಡರು. ಅಮೆರಿಕದಿಂದ ತರಿಸಿಕೊಳ್ಳಬೇಕಾದ ಸರಕಿದ್ದರೆ ಇದನ್ನೇ ಮೊದಲು ತರಿಸಿಕೊಳ್ಳಲಿ.

ಇನ್ನು ಹೊರದೇಶವೆಂದರೆ ಅಮೆರಿಕವೊಂದೇ ಅಲ್ಲವಷ್ಟೆ. ಆಸ್ಟ್ರಿಯದ ವಿಯೆನ್ನಾದಲ್ಲಿ ಪ್ರಾಟರ್ ಎಂಬ ಬಯಲಿದೆ. ಅರಸರ ಬೇಟೆಗೆ ಮೀಸಲಾಗಿದ್ದ ಆ ಕಾಡನ್ನು 1766ರಲ್ಲಿ ಎರಡನೆಯ ಜೋಸೆಫ್ ದೊರೆ ಜನಕ್ಕೆ ಬಿಟ್ಟುಕೊಟ್ಟ. 1897ರ ದೈತ್ಯಚಕ್ರ ಅಲ್ಲಿ ಇಂದಿಗೂ ತಿರುಗುತ್ತಿದೆ. ಒಳಗೆ ಹೋಗಲು ಕಾಸಿಲ್ಲ. ಹತ್ತಿದ ಆಟಕ್ಕೆ ಮಾತ್ರ ಹಣ. ಆಟದ ಯಂತ್ರಗಳೂ ತಿಂಡಿಯಂಗಡಿಗಳೂ ಒಬ್ಬನೇ ಧಣಿಯವಲ್ಲ. ಹಲವು ಮಾಲೀಕರು, ಎಷ್ಟೋ ಕಡೆ ತಲೆತಲಾಂತರದ ಮನೆತನಗಳು, ನಗರದ ನೆಲದಲ್ಲಿ ಬಾಡಿಗೆಗಿದ್ದು ನಡೆಸುತ್ತಾರೆ. ಹಾಲೆಂಡಿನಲ್ಲಿ 1952ರಲ್ಲಿ ತೆರೆದ ಎಫ್ಟೆಲಿಂಗ್ ಒಂದು ಪ್ರತಿಷ್ಠಾನದ ಆಸ್ತಿ. ಇವನ್ನು ನೋಡಿ ಬರಲು ನಮ್ಮ ಅಧಿಕಾರಿಗಳಿಗೆ ವಿಮಾನದ ಟಿಕೆಟ್ಟು ಸಿಗುವುದಿಲ್ಲವೆ?

ವಿಯೆನ್ನಾದವರು ಮಾಡುತ್ತಿರುವುದು ನಮಗೆ ಹೊಸದೇನೂ ಅಲ್ಲ. ದಾವಣಗೆರೆಯ ದುಗ್ಗಮ್ಮನ ಜಾತ್ರೆ, ಶಿರಸಿಯ ಮಾರಿಕಾಂಬೆಯ ಜಾತ್ರೆ ಕಂಡವರಿಗೆ ಇದು ಗೊತ್ತು. ಜಾತ್ರೆಗೆ ಬಾಗಿಲಿಲ್ಲ. ತೊಟ್ಟಿಲು ತಿರುಗಿಸುವವನು ಒಬ್ಬ, ಮಂಡಕ್ಕಿ ಮಾರುವವಳು ಇನ್ನೊಬ್ಬಳು, ಬಳೆಯಂಗಡಿ ಮತ್ತೊಬ್ಬರದು. ಆಟ ಹತ್ತಲು ಕಾಸಿಲ್ಲದ ಹುಡುಗನೂ ನೋಡಿ ಖುಷಿಪಟ್ಟು ಮನೆಗೆ ಹೋಗಬಹುದು. ಈಗ ನಮ್ಮ ದೊಡ್ಡ ಪಾರ್ಕುಗಳ ಕಡೆ ತಿರುಗಿ ನೋಡಿ. ಕೊಚ್ಚಿಯಲ್ಲಿ ಹುಟ್ಟಿ 2005ರಲ್ಲಿ ಬಿಡದಿಗೆ ಬಂದ ವಂಡರ್‌ಲಾ ತನ್ನ ಯಂತ್ರಗಳಲ್ಲಿ ಹಲವನ್ನು ಸ್ವಂತ ಕಾರ್ಖಾನೆಯಲ್ಲೇ ಮಾಡಿಕೊಳ್ಳುತ್ತದೆ. ಆ ಕೈಕೆಲಸಕ್ಕೆ ತಲೆದೂಗಲೇಬೇಕು. ಆದರೆ ಇಂಥ ಪಾರ್ಕಿನಲ್ಲಿ ತಲೆಗೆ ಸಾವಿರಕ್ಕೆ ಮೇಲಾದರೆ ನಾಲ್ವರ ಸಂಸಾರದ ಲೆಕ್ಕವನ್ನು ಓದುಗರೇ ಹಾಕಿಕೊಳ್ಳಲಿ. ಸರದಿ ಮುರಿಯುವ ದುಬಾರಿ ಟಿಕೆಟ್ಟು ಇಲ್ಲಿಗೂ ಬಂದಿದೆ. ಅನಾಹೈಮಿನಲ್ಲಿ ಮನೆಯ ಬುತ್ತಿ ಒಯ್ಯಲು ಅಡ್ಡಿಯಿಲ್ಲ, ನಮ್ಮಲ್ಲಿ ರೊಟ್ಟಿಯ ಗಂಟನ್ನು ಬಾಗಿಲಲ್ಲೇ ಇಡಿಸಿಕೊಳ್ಳುತ್ತಾರೆ! ಕೆಟ್ಟದ್ದನ್ನೆಲ್ಲ ಕಲಿತು ಒಳ್ಳೆಯದನ್ನು ಬಿಟ್ಟದ್ದಕ್ಕೆ ಬೇರೆ ಸಾಕ್ಷಿ ಬೇಡ. ಸರಕಾರವಾದರೂ ಏನು ಮಾಡಿತು? 2017ರಲ್ಲಿ ಈ ಟಿಕೆಟ್ಟಿನ ಮೇಲೆ ನೂರಕ್ಕೆ 28 ತೆರಿಗೆ ಹೇರಿ, ಮರುವರ್ಷ 18ಕ್ಕೆ ಇಳಿಸಿತು. ದಿಲ್ಲಿಯಲ್ಲಿ 1984ರಲ್ಲಿ ತೆರೆದ ಅಪ್ಪು ಘರ್ 2008ರಲ್ಲಿ ಮುಚ್ಚಿತು. ರಾಜಧಾನಿಯ ನಡುವೆ ಮಕ್ಕಳಿಗಿದ್ದ ಜಾಗವೊಂದು ಹೋಯಿತು.

ಜೀವದ ವಿಷಯ ಇನ್ನೂ ಗಂಭೀರ. ಇಂಗ್ಲೆಂಡಿನ ಆಲ್ಟನ್ ಟವರ್ಸ್‌ನಲ್ಲಿ 2015ರ ಜೂನಿನಲ್ಲಿ ಎರಡು ಗಾಡಿಗಳು ಡಿಕ್ಕಿಯಾಗಿ ಐವರು ತೀವ್ರವಾಗಿ ಗಾಯಗೊಂಡರು, ಇಬ್ಬರು ಯುವತಿಯರು ಕಾಲು ಕಳೆದುಕೊಂಡರು. ಸರಕಾರದ ಸುರಕ್ಷತಾ ಇಲಾಖೆ ಮೊಕದ್ದಮೆ ಹೂಡಿತು. ಮರುವರ್ಷವೇ ನ್ಯಾಯಾಲಯ ಕಂಪನಿಗೆ 50 ಲಕ್ಷ ಪೌಂಡು ದಂಡ ಹಾಕಿತು. ಅಹಮದಾಬಾದಿನ ಕಾಂಕರಿಯಾ ಕೆರೆಯ ಬಳಿ 2019ರ ಜುಲೈಯಲ್ಲಿ ತೂಗುವ ಯಂತ್ರ ಮುರಿದು ಇಬ್ಬರು ಸತ್ತರು. ರಾಜಕೋಟೆಯಲ್ಲಿ 2024ರ ಮೇ 25ರಂದು ಆಟದ ಮಳಿಗೆಗೆ ಬೆಂಕಿ ಬಿದ್ದು 27 ಜನ, ಮಕ್ಕಳೂ ಸೇರಿ, ಬೂದಿಯಾದರು. ಅದು ಅಗ್ನಿಶಾಮಕ ಇಲಾಖೆಯ ಅನುಮತಿಯೇ ಇಲ್ಲದೆ ನಡೆಯುತ್ತಿತ್ತು. ಹೊರದೇಶವೆಲ್ಲ ಸ್ವರ್ಗವೆಂದು ನಾವು ಹೇಳುತ್ತಿಲ್ಲ: ಅಮೆರಿಕದ ಫ್ಲಾರಿಡಾ ಸಂಸ್ಥಾನದಲ್ಲಿ ಅತಿ ದೊಡ್ಡ ಪಾರ್ಕುಗಳಿಗೆ ಸರಕಾರಿ ತಪಾಸಣೆಯಿಂದ ವಿನಾಯಿತಿಯಿದೆ. ನಮ್ಮ ಜಾತ್ರೆಯ ತೊಟ್ಟಿಲನ್ನೂ ಬೋಲ್ಟು ಬೋಲ್ಟಾಗಿ ಪರೀಕ್ಷಿಸುವವರು ಬೇಕೇಬೇಕು.

ಬೃಂದಾವನ 1932ರ ಹೊತ್ತಿಗೆ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ಜನರ ಹಣದಲ್ಲಿ ಜನರ ನೆಲದ ಮೇಲೆ ಎದ್ದ ತೋಟ. ರಜೆಯ ದಿನ ಬುತ್ತಿ ಕಟ್ಟಿಕೊಂಡು ಹೋಗಿ ಕಾರಂಜಿ ನೋಡಿ ಬರುವ ಕುಟುಂಬಗಳು ಇಂದಿಗೂ ಅದರ ನಿಜವಾದ ಯಜಮಾನರು. ಬಂಡವಳಗಾರನೊಡನೆ ಆಗುವ ಕರಾರನ್ನು ಸಹಿಗೆ ಮೊದಲು ಕನ್ನಡದಲ್ಲಿ ಅಚ್ಚು ಹಾಕಿಸಿ ಜನರ ಮುಂದಿಡಬೇಕು. ತೋಟದ ಪ್ರವೇಶ ದರವನ್ನು ನಿಶ್ಚಯಿಸುವ ಹಕ್ಕು ಸರಕಾರದ ಕೈಯಲ್ಲೇ ಉಳಿಯಬೇಕು, ಆಟದ ದರ ಬೇರೆಯಿರಲಿ. ಹೊರಗೆ ಕಡಲೆಕಾಯಿ, ಮೆಕ್ಕೆಜೋಳ ಮಾರುವವರಿಗೆ ಒಳಗೆ ನೆಲಬಾಡಿಗೆಯ ಮೇಲೆ ಜಾಗ ಕೊಡಬೇಕು. ದುಡಿಯುವವರನ್ನು ಗುತ್ತಿಗೆದಾರನ ಕೈಗೆ ಬಿಡದೆ ಕಾಯಂ ಮಾಡಿ, ಸಂಘ ಕಟ್ಟುವ ಹಕ್ಕನ್ನು ಕರಾರಿನಲ್ಲೇ ಬರೆಯಬೇಕು. ಅಣೆಕಟ್ಟಿನ ಬಗೆಗೆ ರೈತರು ಕೇಳಿದ ಪ್ರಶ್ನೆಗೆ ಪರಿಣತರಿಂದ ಲಿಖಿತ ಉತ್ತರ ಬರುವ ತನಕ ಒಂದು ಗುದ್ದಲಿಯೂ ಬೀಳಕೂಡದು.