ಬಿಟ್‌ಕಾಯಿನ್: ನಮ್ಮ ಸಂತೆಯಲ್ಲಿ ಅದಕ್ಕೇನು ಬೆಲೆ?

ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳ ರೈತ ಸಭೆಗಳಲ್ಲಿ ಗೊಬ್ಬರ, ಬಿತ್ತನೆ ಬೀಜ, ತೆಂಗಿನ ನುಸಿ ಪೀಡೆಯ ಪ್ರಶ್ನೆಗಳ ಜೊತೆಗೆ ಈಚೆಗೆ ಹೊಸದೊಂದು ಪ್ರಶ್ನೆಯೂ ಕೇಳಿಬರುತ್ತಿದೆ. ಕೊಬ್ಬರಿ ಮಾರಿದ ಹಣವನ್ನು ಬ್ಯಾಂಕಿನಲ್ಲಿಡುವ ಬದಲು ಬಿಟ್‌ಕಾಯಿನ್‌ನಲ್ಲಿ ಹಾಕಬಹುದೇ ಎಂಬುದೇ ಆ ಪ್ರಶ್ನೆ. ಕೇಳುವವರು ಹೆಚ್ಚಾಗಿ ಕೈಯಲ್ಲಿ ಮೊಬೈಲ್ ಹಿಡಿದ ಯುವಕರು. ಆದರೆ ಉತ್ತರಕ್ಕಾಗಿ ಕಿವಿ ನಿಮಿರಿಸುವವರಲ್ಲಿ ಹಿರಿಯರೂ ಇದ್ದಾರೆ. ಆದ್ದರಿಂದ ಈ ವಾರ ಬೆಳೆಯ ವಿಷಯವನ್ನು ಬದಿಗಿಟ್ಟು ಈ ನಾಣ್ಯದ ವಿಷಯವನ್ನೇ ನೋಡೋಣ.

ಇದು ಎಲ್ಲೋ ಅಮೆರಿಕದ ವ್ಯವಹಾರವೆಂದು ಬಹಳ ಜನ ಭಾವಿಸಿದ್ದಾರೆ. ಭಾರತದಲ್ಲಿ ಈ ನಾಣ್ಯವನ್ನು ಕೊಂಡು ಮಾರುವ ಮೊದಮೊದಲ ಕಂಪನಿಗಳಲ್ಲಿ ಒಂದಾದ ಯುನೋಕಾಯಿನ್ 2013ರಲ್ಲಿ ಹುಟ್ಟಿದ್ದು ನಮ್ಮ ತುಮಕೂರಿನಲ್ಲಿ. ಆಮೇಲೆ ಅದರ ವಹಿವಾಟು ಬೆಂಗಳೂರಿನಿಂದ ನಡೆಯತೊಡಗಿತು. ಹೀಗಾಗಿ ಈ ಕಥೆಯ ಒಂದು ತುದಿ ನಮ್ಮ ಜಿಲ್ಲೆಯಲ್ಲೇ ಇದೆ.

ಮೊದಲಿಗೆ ನಾಣ್ಯವೆಂದರೇನು ಎಂಬುದನ್ನು ತಿಳಿಯಬೇಕು. ಊರಿನ ಚೀಟಿ ವ್ಯವಹಾರದಲ್ಲಿ ಯಜಮಾನನ ಬಳಿ ಒಂದು ಪುಸ್ತಕವಿರುತ್ತದೆ. ಯಾರು ಎಷ್ಟು ಕಟ್ಟಿದರು, ಯಾರಿಗೆ ಎಷ್ಟು ಸಂದಿತು ಎಂಬುದಕ್ಕೆ ಆ ಪುಸ್ತಕವೇ ಸಾಕ್ಷಿ. ಬಿಟ್‌ಕಾಯಿನ್ ಸಹ ಅಂಥದೇ ಒಂದು ಪುಸ್ತಕ. ವ್ಯತ್ಯಾಸವಿಷ್ಟೆ: ಇದಕ್ಕೆ ಯಜಮಾನನಿಲ್ಲ. ಒಂದೇ ಪುಸ್ತಕದ ಪ್ರತಿ ಲೋಕದ ಸಾವಿರಾರು ಕಂಪ್ಯೂಟರುಗಳಲ್ಲಿರುತ್ತದೆ. ಸುಮಾರು ಹತ್ತು ನಿಮಿಷಕ್ಕೊಂದರಂತೆ ಹೊಸ ಪುಟ ಸೇರುತ್ತದೆ. ಒಮ್ಮೆ ಬರೆದುದನ್ನು ಅಳಿಸಲು ಬರುವುದಿಲ್ಲ. 2009ರಲ್ಲಿ ಆರಂಭವಾದ ಈ ಪುಸ್ತಕದಲ್ಲಿ ಒಟ್ಟು 2 ಕೋಟಿ 10 ಲಕ್ಷಕ್ಕಿಂತ ಹೆಚ್ಚು ನಾಣ್ಯ ಎಂದಿಗೂ ಹುಟ್ಟಕೂಡದೆಂದು ಕಟ್ಟು ಮಾಡಲಾಗಿದೆ. ನಿಮ್ಮ ಪಾಲಿನ ನಾಣ್ಯಕ್ಕೆ ಒಂದು ಗುಪ್ತ ಕೀಲಿ ಇರುತ್ತದೆ, ಅಂದರೆ ಅಂಕಿ-ಅಕ್ಷರಗಳ ಒಂದು ಉದ್ದನೆಯ ಸಾಲು. ಕೀಲಿ ಕಳೆದರೆ ನಾಣ್ಯವೂ ಹೋಯಿತು. ಕೀಲಿ ಬೇರೆಯವರ ಕೈ ಸೇರಿದರೂ ಹೋಯಿತು. ಮ್ಯಾನೇಜರರ ಮುಂದೆ ಅರ್ಜಿ ಹಿಡಿದು ನಿಲ್ಲೋಣವೆಂದರೆ ಮ್ಯಾನೇಜರರೇ ಇಲ್ಲ!

ಈ ನಾಣ್ಯ ಕೊಟ್ಟು ಮೊದಲು ಕೊಂಡ ಸರಕೆಂದು ಹೆಸರಾದದ್ದು ತಿನ್ನುವ ಪದಾರ್ಥವೇ. 2010ರ ಮೇ 22ರಂದು ಅಮೆರಿಕದಲ್ಲೊಬ್ಬಾತ 10,000 ಬಿಟ್‌ಕಾಯಿನ್ ಕೊಟ್ಟು ಎರಡು ಪಿಜ್ಜಾ ತರಿಸಿಕೊಂಡನು. ಅಂದು ಅದೊಂದು ತಮಾಷೆ. ಇಂದಿನ ದರದಲ್ಲಿ ಅದರ ಲೆಕ್ಕ ಹಾಕಿ ಹಲುಬುವವರು ಬಹಳ. ಆದರೆ ಆ ಲೆಕ್ಕದಲ್ಲೇ ಈ ನಾಣ್ಯದ ಕೊರತೆಯೂ ಅಡಗಿದೆ. ನಾಳೆ ಬೆಲೆ ಏರೀತೆಂದು ಎಲ್ಲರೂ ಕಟ್ಟಿಟ್ಟುಕೊಳ್ಳುವ ನಾಣ್ಯದಿಂದ ಸಂತೆ ನಡೆಯುವುದಿಲ್ಲ.

ಆದರೂ ಪ್ರಯತ್ನ ನಡೆಯಿತು. 2013ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಬಿಟ್‌ಕಾಯಿನ್ ಕುರಿತ ಸಮ್ಮೇಳನವೇ ಜರುಗಿತು. ಅದೇ ತಿಂಗಳ 24ರಂದು ರಿಸರ್ವ್ ಬ್ಯಾಂಕು ಇದರ ಅಪಾಯಗಳ ಬಗ್ಗೆ ಜನರಿಗೆ ಮೊದಲ ಎಚ್ಚರಿಕೆ ನೀಡಿತು. ಮುಂದಿನ ವರ್ಷಗಳಲ್ಲಿ ಬೆಂಗಳೂರಿನ ಸೂರ್ಯವಂಶಿ ಎಂಬ ಊಟದ ಹೋಟೆಲು, ಸಪ್ನಾ ಪುಸ್ತಕ ಸಂಸ್ಥೆಯ ಅಂತರ್ಜಾಲ ಮಳಿಗೆ ಮುಂತಾದವು ಬಿಟ್‌ಕಾಯಿನ್ ಸ್ವೀಕರಿಸಲು ಮುಂದಾದವು. ಇದರ ಏರ್ಪಾಟನ್ನು ಗಮನಿಸಬೇಕು. ಗಿರಾಕಿ ನಾಣ್ಯ ಕೊಡುತ್ತಾನೆ. ನಡುವೆ ನಿಂತ ಕಂಪನಿ ಅದನ್ನು ಪಡೆದು ವರ್ತಕನ ಬ್ಯಾಂಕ್ ಖಾತೆಗೆ ರೂಪಾಯಿ ಹಾಕುತ್ತದೆ. ಅಂದರೆ ವರ್ತಕನಿಗೆ ಬೇಕಾದದ್ದು ಕೊನೆಗೂ ರೂಪಾಯಿಯೇ. ದಿನಸಿ ತಂದುಹಾಕುವ ಮಂಡಿಯವನು, ಬಾಡಿಗೆಯ ಮಾಲೀಕ, ಕೆಲಸದ ಹುಡುಗ ಯಾರೂ ಬಿಟ್‌ಕಾಯಿನ್ ಕೇಳುವವರಲ್ಲ. ಹಣವೆಂಬುದು ಕೈಯಿಂದ ಕೈಗೆ ಹೋಗಬೇಕು. ಇಲ್ಲಿ ಅದು ಒಂದೇ ಕೈಗೆ ಬಂದು ನಿಂತಿತು.

ಮೇಲಾಗಿ ಖರ್ಚಿನ ಪ್ರಶ್ನೆ. ಆ ಪುಸ್ತಕದಲ್ಲಿ ಒಂದು ಸಾಲು ಬರೆಸಲು ಶುಲ್ಕ ತೆರಬೇಕು. ಬರೆಸುವವರ ನೂಕುನುಗ್ಗಲು ಹೆಚ್ಚಿದಂತೆ ಶುಲ್ಕವೂ ಏರುತ್ತದೆ. 2017ರ ಡಿಸೆಂಬರಿನಲ್ಲಿ ಅದು ಸರಾಸರಿ 50 ಡಾಲರನ್ನು, ಎಂದರೆ ಅಂದಿನ ಲೆಕ್ಕದಲ್ಲಿ 3,000 ರೂಪಾಯಿಯನ್ನು ಮೀರಿತ್ತು. ಇಡ್ಲಿ-ಕಾಫಿಯ ಬಿಲ್ಲಿಗೆ ಮೂರು ಸಾವಿರದ ಸುಂಕ ಯಾರಿಗೆ ಕಟ್ಟೀತು?

ಅದೇ ಹೊತ್ತಿಗೆ ನಮ್ಮಲ್ಲಿ ಬೇರೊಂದು ದಾರಿ ತೆರೆದಿತ್ತು. 2016ರಲ್ಲಿ ಯುಪಿಐ ಜಾರಿಗೆ ಬಂತು. ಆ ವರ್ಷದ ನವೆಂಬರಿನ ನೋಟು ರದ್ದತಿ ಅದಕ್ಕೆ ಒತ್ತಾಸೆಯಾಯಿತು. ಇಂದು ತುಮಕೂರಿನ ಹೂವಿನ ಅಂಗಡಿಯಲ್ಲಿ, ಗುಬ್ಬಿಯ ಎಳನೀರು ಗಾಡಿಯಲ್ಲಿ, ಕುಣಿಗಲ್ ಬಸ್ ನಿಲ್ದಾಣದ ಕಡಲೆಕಾಯಿ ಬುಟ್ಟಿಯ ಪಕ್ಕದಲ್ಲೂ ಆ ಚೌಕುಳಿ ಚಿತ್ರದ ಹಲಗೆ ಕಾಣುತ್ತದೆ. ಚಿಲ್ಲರೆ ಇಲ್ಲದೆ, ಶುಲ್ಕವಿಲ್ಲದೆ, ಕ್ಷಣದಲ್ಲಿ ರೂಪಾಯಿ ಖಾತೆಗೆ ಸೇರುತ್ತದೆ. ಬಿಟ್‌ಕಾಯಿನ್ ಮಾಡುತ್ತೇನೆಂದು ಹೇಳಿಕೊಂಡ ಕೆಲಸವನ್ನು ಯುಪಿಐ ಮಾಡಿ ತೋರಿಸಿತು. ಸಣ್ಣ ವರ್ತಕನ ಮಟ್ಟಿಗೆ ಈ ಪೈಪೋಟಿ ಅಲ್ಲಿಗೇ ತೀರ್ಮಾನವಾಯಿತೆಂದು ನನ್ನ ಅಭಿಪ್ರಾಯ. ಹೊರದೇಶದಲ್ಲಿ ಕಾನೂನಿನ ಬಲದಿಂದಲೂ ಇದು ಸಾಗಲಿಲ್ಲ. ಎಲ್ ಸಾಲ್ವಡಾರ್ ಎಂಬ ಚಿಕ್ಕ ದೇಶವು 2021ರ ಸೆಪ್ಟೆಂಬರಿನಲ್ಲಿ ಎಲ್ಲ ಅಂಗಡಿಯವರೂ ಬಿಟ್‌ಕಾಯಿನ್ ಪಡೆಯಬೇಕೆಂದು ವಿಧಿಸಿತು. 2025ರ ಜನವರಿಯಲ್ಲಿ ಆ ಕಡ್ಡಾಯವನ್ನು ಅದೇ ಸರ್ಕಾರ ತೆಗೆದುಹಾಕಿತು.

ನಮ್ಮ ದೇಶದ ಕಾನೂನೂ ಹಲವು ಬಾರಿ ಮಗ್ಗುಲು ಬದಲಿಸಿದೆ. 2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕು ಈ ನಾಣ್ಯದ ಕಂಪನಿಗಳೊಡನೆ ವ್ಯವಹರಿಸಬಾರದೆಂದು ಬ್ಯಾಂಕುಗಳಿಗೆ ಆದೇಶಿಸಿತು. ಬ್ಯಾಂಕಿನ ಬಾಗಿಲು ಮುಚ್ಚಿದಾಗ ಯುನೋಕಾಯಿನ್ ಅದೇ ವರ್ಷದ ಅಕ್ಟೋಬರಿನಲ್ಲಿ ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕೆಂಪ್ ಫೋರ್ಟ್ ಮಾಲ್‌ನಲ್ಲಿ ನಗದು ಹಾಕಿ ತೆಗೆಯುವ ಯಂತ್ರವೊಂದನ್ನು ನಿಲ್ಲಿಸಿತು. ಕೆಲವೇ ದಿನಗಳಲ್ಲಿ ಪೊಲೀಸರು ಯಂತ್ರವನ್ನು ವಶಪಡಿಸಿಕೊಂಡು ಸ್ಥಾಪಕರನ್ನು ಬಂಧಿಸಿದರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ರಿಸರ್ವ್ ಬ್ಯಾಂಕಿನ ಆ ಆದೇಶವನ್ನು ರದ್ದುಪಡಿಸಿತು. 2022ರ ಏಪ್ರಿಲ್ 1ರಿಂದ ಲಾಭದ ಮೇಲೆ ಶೇಕಡಾ 30 ತೆರಿಗೆ, ಜುಲೈ 1ರಿಂದ ಮಾರಾಟದ ಮೊತ್ತದಲ್ಲಿ ಶೇಕಡಾ 1ರ ಮುಂಗಡ ಕಡಿತ ಜಾರಿಗೆ ಬಂದಿವೆ. ನಷ್ಟವಾದರೆ ಅದನ್ನು ಬೇರೆ ಆದಾಯದಲ್ಲಿ ವಜಾ ಮಾಡಿಕೊಳ್ಳುವಂತಿಲ್ಲ. ಹಾಗಾದರೆ ಇದು ಅಪರಾಧವೇ? ಅಲ್ಲ. ಹಾಗೆಂದು ಹಣವೂ ಅಲ್ಲ. ಸಾಲ ತೀರಿಸಲು ನಾಣ್ಯ ಕೊಡುತ್ತೇನೆಂದರೆ ಸಾಲ ಕೊಟ್ಟವನು ಬೇಡವೆನ್ನಬಹುದು.

ರೈತ ಬಾಂಧವರು ಇಲ್ಲೊಂದು ಅಂಶವನ್ನು ನೆನಪಿನಲ್ಲಿಡಬೇಕು. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಆದರೆ ಕೊಬ್ಬರಿಯ ಹಣದಿಂದ ನಾಣ್ಯ ಕೊಂಡು ಮಾರಿದಾಗ ಬಂದ ಲಾಭ ಕೃಷಿ ಆದಾಯವಲ್ಲ. ಅದಕ್ಕೆ ಶೇಕಡಾ 30 ತೆರಲೇಬೇಕು.

2025ರ ಜುಲೈನಲ್ಲಿ ನಡೆದ ಗಲಾಟೆ ಎಲ್ಲರಿಗೂ ನೆನಪಿರಬಹುದು. ಯುಪಿಐ ಮೂಲಕ ಬಂದ ಮೊತ್ತವನ್ನು ನೋಡಿ ವಾಣಿಜ್ಯ ತೆರಿಗೆ ಇಲಾಖೆಯು ರಾಜ್ಯದ ಸಣ್ಣ ವರ್ತಕರಿಗೆ ನೋಟೀಸು ಕಳುಹಿಸಿತು. ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಮುಂದೆ ನಗದು ಮಾತ್ರ ಎಂಬ ಚೀಟಿಗಳು ಎದ್ದವು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವರ್ತಕರ ಸಭೆ ಕರೆದು ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದು ತಿಳಿಸಿದ ಮೇಲೆ ಗದ್ದಲ ಇಳಿಯಿತು. ಇಂಥ ಹೊತ್ತಿನಲ್ಲಿ, ಸರ್ಕಾರದ ಕಣ್ಣಿಗೆ ಬೀಳದ ನಾಣ್ಯವಿದೆಯೆಂದು ಹೇಳುವವರು ಹುಟ್ಟಿಕೊಳ್ಳುತ್ತಾರೆ. ಆ ಮಾತು ಪೂರ್ತಿ ಸುಳ್ಳು. ನಾಣ್ಯದ ಪುಸ್ತಕ ಎಲ್ಲರೂ ಓದಬಹುದಾದ ಪುಸ್ತಕ. ಕೊಂಡು ಮಾರುವ ಕಂಪನಿಗಳು 2023ರ ಮಾರ್ಚಿನಿಂದ ಹಣ ಅಕ್ರಮ ವರ್ಗಾವಣೆ ತಡೆ ಕಾಯಿದೆಯ ಕೆಳಗೆ ಗಿರಾಕಿಗಳ ಗುರುತು, ವಿವರ ಇಟ್ಟುಕೊಳ್ಳಲೇಬೇಕು.

ಇನ್ನು ಭದ್ರತೆ. ಇದಕ್ಕೆ ದೂರದ ಉದಾಹರಣೆ ಬೇಡ. 2017ರಲ್ಲಿ ಯುನೋಕಾಯಿನ್ ಕಂಪನಿಯ 60.6 ಬಿಟ್‌ಕಾಯಿನ್ ಕಳುವಾದವೆಂದು ತುಮಕೂರಿನ ಹೊಸ ಬಡಾವಣೆ ಪೊಲೀಸ್ ಠಾಣೆಯಲ್ಲಿ ದೂರು ದಾಖಲಾಯಿತು. ಅಂದಿನ ಬೆಲೆ 1.14 ಕೋಟಿ ರೂಪಾಯಿ. ಬೀಗ ಮುರಿದಿರಲಿಲ್ಲ, ಗೋಡೆ ಕೊರೆದಿರಲಿಲ್ಲ. ರಾಜ್ಯ ಸರ್ಕಾರ ನೇಮಿಸಿದ ವಿಶೇಷ ತನಿಖಾ ದಳವು ಈ ಪ್ರಕರಣದಲ್ಲಿ ಆರೋಪಿಯೊಬ್ಬನನ್ನು ಬಂಧಿಸಿದ್ದು 2024ರ ಮೇ ತಿಂಗಳಲ್ಲಿ, ಏಳು ವರ್ಷದ ಬಳಿಕ. ಅಷ್ಟೇ ನಾಣ್ಯಕ್ಕೆ 2025ರ ಅಕ್ಟೋಬರಿನ ಏರು ದರದಲ್ಲಿ 60 ಕೋಟಿ ರೂಪಾಯಿಗೂ ಮೀರಿದ ಬೆಲೆ. ಇದೇ ವ್ಯಾಪಾರದಲ್ಲಿ ಪಳಗಿದ ಕಂಪನಿಯ ಪೆಟ್ಟಿಗೆಗೇ ಕನ್ನ ಬಿದ್ದರೆ, ಮೊಬೈಲಿನ ಗುಪ್ತಸಂಖ್ಯೆಯನ್ನು ಕ್ಯಾಲೆಂಡರಿನ ಹಿಂದೆ ಬರೆದಿಡುವ ನಮ್ಮ ಪಾಡೇನು?

ಬೆಲೆಯ ಏರಿಳಿತ ಕೊಬ್ಬರಿಯಲ್ಲೂ ಇದೆಯಲ್ಲ ಎಂದು ಯುವಕರು ವಾದಿಸುತ್ತಾರೆ. ಒಪ್ಪತಕ್ಕ ಮಾತೇ. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆ ಇದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ದರ ಅದಕ್ಕಿಂತ ಬಹಳ ಕೆಳಗೆ ಬಿದ್ದಿತ್ತು. 2025ರಲ್ಲಿ ಅದೇ ಕೊಬ್ಬರಿ 20,000 ರೂಪಾಯಿ ದಾಟಿತು. ಬಿಟ್‌ಕಾಯಿನ್ ಸಹ 2021ರ ನವೆಂಬರಿನಲ್ಲಿ 69,000 ಡಾಲರಿನ ಹತ್ತಿರವಿದ್ದುದು ಒಂದೇ ವರ್ಷದಲ್ಲಿ 16,000ಕ್ಕೆ ಕುಸಿದು, ಮತ್ತೆ 2024ರ ಡಿಸೆಂಬರಿನಲ್ಲಿ ಲಕ್ಷ ಡಾಲರ್ ಮುಟ್ಟಿತು. ಆದರೆ ಅಟ್ಟದ ಮೇಲೆ ಹತ್ತು-ಹನ್ನೊಂದು ತಿಂಗಳು ಕಾದ ಕಾಯಿಗೆ ದರ ಬಿದ್ದಾಗಲೂ ಒಂದು ತಳವಿದೆ. ಅದನ್ನು ತಿನ್ನಬಹುದು, ಗಾಣಕ್ಕೆ ಹಾಕಬಹುದು, ಬೆಂಬಲ ಬೆಲೆಗಾಗಿ ನಫೆಡ್ ಖರೀದಿ ಕೇಂದ್ರದ ಮುಂದೆ ಸಾಲು ನಿಲ್ಲಬಹುದು, ಸಿಗದಿದ್ದರೆ ಧರಣಿಯನ್ನಾದರೂ ಕೂರಬಹುದು. ನಾಣ್ಯದ ದರ ಬಿದ್ದರೆ ಯಾರ ಕಚೇರಿಯ ಮುಂದೆ ಧರಣಿ ಕೂರುವುದು?

ನಿಜವಾದ ನಾಣ್ಯದ ಪಾಡು ಇದಾದರೆ, ಅದರ ಹೆಸರು ಹೇಳಿಕೊಂಡು ಬರುವ ಯೋಜನೆಗಳ ಹಾವಳಿ ಬೇರೆಯೇ. ಗೇನ್‌ಬಿಟ್‌ಕಾಯಿನ್ ಎಂಬ ಯೋಜನೆ 2015ರ ಸುಮಾರಿಗೆ ಆರಂಭವಾಗಿ, 18 ತಿಂಗಳ ಕಾಲ ತಿಂಗಳಿಗೆ ಶೇಕಡಾ 10 ಕೊಡುವುದಾಗಿ ನಂಬಿಸಿತು. ಹೊಸಬರ ಹಣದಿಂದ ಹಳಬರಿಗೆ ಕೊಡುವ ಚೀಟಿಯ ಆಟವೇ ಅದು. ಹೊಸಬರು ಬರುವುದು ನಿಂತ ದಿನ ಆಟವೂ ನಿಂತಿತು. 2025ರ ಫೆಬ್ರವರಿಯಲ್ಲಿಯೂ ಸಿಬಿಐ ಈ ಸಂಬಂಧ ಬೆಂಗಳೂರೂ ಸೇರಿ ಹಲವು ನಗರಗಳಲ್ಲಿ ಶೋಧ ನಡೆಸಬೇಕಾಯಿತು. ಇಂಥದರ ಗುರುತು ಹಿಡಿಯುವುದು ಕಷ್ಟವಲ್ಲ. ಇಷ್ಟೇ ಲಾಭವೆಂದು ಮೊದಲೇ ಹೇಳುತ್ತಾರೆ, ಇನ್ನಿಬ್ಬರನ್ನು ಸೇರಿಸಿದರೆ ಕಮಿಷನ್ ಎನ್ನುತ್ತಾರೆ, ಹಣವನ್ನು ಯಾರದೋ ಸ್ವಂತ ಖಾತೆಗೆ ಹಾಕಿಸಿಕೊಳ್ಳುತ್ತಾರೆ. ಹೇಳಲು ಬರುವವನು ಸಾಮಾನ್ಯವಾಗಿ ನೆಂಟನೋ ನೆರೆಯವನೋ ಆಗಿರುವುದರಿಂದ ಬೇಡವೆನ್ನಲು ಸಂಕೋಚ. ಆ ಸಂಕೋಚವೇ ಈ ವ್ಯಾಪಾರದ ಬಂಡವಾಳ.

ರಿಸರ್ವ್ ಬ್ಯಾಂಕು 2022ರ ಡಿಸೆಂಬರ್ 1ರಂದು ಬೆಂಗಳೂರೂ ಸೇರಿದಂತೆ ನಾಲ್ಕು ನಗರಗಳಲ್ಲಿ ಪ್ರಯೋಗಕ್ಕೆ ತಂದ ಡಿಜಿಟಲ್ ರೂಪಾಯಿಯನ್ನು ಇದರೊಡನೆ ಬೆರೆಸಿಕೊಳ್ಳಬಾರದು. ಅದು ಸರ್ಕಾರದ ನೋಟೇ, ಮೊಬೈಲಿನೊಳಗೆ ಇರುತ್ತದೆ ಅಷ್ಟೆ. ಅದರ ಬೆಲೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಡಿಜಿಟಲ್ ರೂಪಾಯಿ ದುಪ್ಪಟ್ಟಾಗುತ್ತದೆ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಮೋಸ ತಿಳಿಯಿತು.

ಮಂಡಿಯಲ್ಲಿ ದಲ್ಲಾಳಿಯಾಗಲಿ ಹೊರಗಿನ ಖರೀದಿದಾರನಾಗಲಿ ಸರಕಿನ ಬೆಲೆಯನ್ನು ನಾಣ್ಯದಲ್ಲಿ ಕೊಡುತ್ತೇನೆಂದರೆ ಒಪ್ಪದೆ, ರೂಪಾಯಿಯನ್ನೇ ಬ್ಯಾಂಕ್ ಖಾತೆಗೆ ಪಡೆದು ಲೆಕ್ಕದ ಚೀಟಿ ಇಟ್ಟುಕೊಳ್ಳುವುದು ಸೂಕ್ತ. ಮನೆಯ ಹುಡುಗರು ಸ್ವಂತ ಸಂಪಾದನೆಯ ಅಲ್ಪಸ್ವಲ್ಪ ಹಾಕಿ ನೋಡುತ್ತೇವೆಂದರೆ ಅದು ಅವರ ವಿವೇಚನೆ. ಬೆಳೆ ಸಾಲ, ಚಿನ್ನದ ಅಡವು, ಸಹಕಾರ ಸಂಘದ ಹಣ ಇದಕ್ಕೆ ಬೇಡವೇ ಬೇಡ. ಈಗಾಗಲೇ ಹಣ ಕಟ್ಟಿ ಮೋಸಹೋದವರು ನಾಚಿ ಸುಮ್ಮನಿರದೆ ಕೂಡಲೇ 1930 ಸಂಖ್ಯೆಗೆ ಫೋನ್ ಮಾಡಿ ದೂರು ಕೊಡಬೇಕು. ಹಣ ಕಳುಹಿಸಿದ ದಿನ, ವೇಳೆ, ಖಾತೆ ಸಂಖ್ಯೆಗಳನ್ನು ಬರೆದಿಟ್ಟುಕೊಂಡು ಹತ್ತಿರದ ಪೊಲೀಸ್ ಠಾಣೆಗೂ ಹೋಗಬೇಕು. ದೂರು ಎಷ್ಟು ಬೇಗ ತಲುಪಿದರೆ, ಹಣ ಮುಂದಿನ ಖಾತೆಗೆ ದಾಟುವ ಮೊದಲು ಅದನ್ನು ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.