ಬೇಡ ಎಂದರೆ ಬೇಡ

ಪುಣೆಯ ಕನ್ನಡದ ಮನೆಯೊಂದರಲ್ಲಿ ಒಂದೂವರೆ ವರ್ಷದ ಮಗು ‘ಬೇಡ’ ಎಂದಿತೆನ್ನಿ. ಸಂಭ್ರಮವೋ ಸಂಭ್ರಮ. ಡೇ ಕೇರಿನಲ್ಲಿ ದಿನವಿಡೀ ‘ನಕೋ’ ಕೇಳುವ ಕೂಸಿನ ಬಾಯಲ್ಲಿ ಕನ್ನಡ! ವಿಡಿಯೋ ತುಮಕೂರಿನ ಅಜ್ಜಿಗೂ ತಲುಪುತ್ತದೆ. ಮರುಗಳಿಗೆಯೇ ಅಪ್ಪ ಮೊಬೈಲಿನಲ್ಲಿ ಹಾಡು ಹಾಕಿ, ಮಗು ಮೈಮರೆತಾಗ ರಾಗಿ ಸರಿ ತುರುಕುತ್ತಾನೆ. ಅದು ಉಗುಳುತ್ತದೆ, ನೇರ ಅಪ್ಪನ ಕನ್ನಡಕಕ್ಕೆ. ತೀರ್ಪು ಸಿದ್ಧ: ‘ಏನ್ ಹಟ ಇದಕ್ಕೆ, ಥೇಟ್ ಅವರ ತಾತನ ಹಾಗೆ!’

ಹಟ ಯಾರದ್ದು? ಮಗು ತುಟಿ ಬಿಗಿದು ಮುಖ ತಿರುಗಿಸುವುದು ಹೊಟ್ಟೆ ತುಂಬಿದ್ದಕ್ಕೆ. ಬಲವಂತವಾಗಿ ಉಣಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಹಿಂದಿಯವರು ‘ಚಾಹಿಯೇ’ಗೆ ‘ನಹೀ’ ಅಂಟಿಸಬೇಕು. ಕನ್ನಡದ ‘ಬೇಡ’ ಒಂಟಿಯಾಗಿಯೇ ನಿಲ್ಲುತ್ತದೆ. ಎರಡೇ ಅಕ್ಷರ, ಹಲ್ಲು ಪೂರಾ ಬಾರದ ಬಾಯಿಗೂ ದಕ್ಕುವಂಥದ್ದು. ಇಷ್ಟು ಸ್ಪಷ್ಟ ಮಾತೂ ಕೇಳಿಸದವರು ಹಟಮಾರಿಗಳಲ್ಲವೇ?

ಜ್ವರದ ಔಷಧಿಯ ವಿಷಯ ಬೇರೆ, ಕಾದ ಇಸ್ತ್ರಿಪೆಟ್ಟಿಗೆಯದೂ ಬೇರೆ. ಅಲ್ಲಿ ದೊಡ್ಡವರೇ ಗೆಲ್ಲಲಿ. ಆದರೆ ಕೊನೆಯ ಮೂರು ಚಮಚ ಸರಿಗಾಗಿ ಇಡೀ ಮನೆ ಯುದ್ಧಕ್ಕೆ ನಿಲ್ಲಬೇಕೆ?

ಡೇ ಕೇರಿನ ಮಾವಶಿ ‘ನಕೋ’ ಕೇಳಿದ ತಕ್ಷಣ ಬಟ್ಟಲು ಎತ್ತಿಡುತ್ತಾಳೆ. ಮನೆಯಲ್ಲಿ ‘ಬೇಡ’ಕ್ಕೆ ಚಪ್ಪಾಳೆ, ಜೊತೆಗೆ ಇನ್ನೊಂದು ಚಮಚ. ಹೀಗಾದರೆ ಮಗು ಯಾವ ಭಾಷೆಯನ್ನು ನಂಬೀತು?